ಕುದುರೆಮುಖ ಚಾರಣ: ಬೆಳಕಿರುವಾಗಲೇ ಇಳಿದು ಬರಲು ಒಂದು ಸಮಗ್ರ ಮಾರ್ಗದರ್ಶಿ

ಮಳೆಗಾಲ ಶುರುವಾದರೆ ಸಾಕು, ನನಗೆ ಬರುವ ಫೋನ್‌ಗಳಲ್ಲಿ ಒಂದೇ ಕಥೆ. "ದಾರಿ ನಡುವಿನ ಒಂಟಿಮರದ ಹತ್ರನೇ ಸುಸ್ತಾಗಿ ವಾಪಸ್ ಬಂದ್ವಿ." "ತುದಿ ಮುಟ್ಟಿದ್ವಿ, ಆದ್ರೆ ಇಳಿಯೋವಾಗ ಕತ್ತಲಾಗಿ ಭಯ ಆಯ್ತು." "ರಾತ್ರಿಯಿಡೀ ಬಸ್ಸಲ್ಲಿ ಬಂದು ಗೇಟಲ್ಲಿ ಹೆಸರಿಲ್ಲ ಅಂತ ನಿಂತಿದೀವಿ." ಇವರಲ್ಲಿ ಜಿಮ್‌ಗೆ ಹೋಗುವವರಿದ್ದಾರೆ, ಓಟಗಾರರಿದ್ದಾರೆ. ಶಕ್ತಿ ಸಾಲದೆ ಸೋತವರು ಕಡಿಮೆ. ಯಾವುದನ್ನು ಮೊದಲು ಮಾಡಬೇಕು, ಯಾವುದನ್ನು ಆಮೇಲೆ ಅನ್ನುವುದು ತಪ್ಪಿದ್ದೇ ಹೆಚ್ಚಿನವರ ಕಷ್ಟ.

ಕುದುರೆಮುಖ ರಾಷ್ಟ್ರೀಯ ಉದ್ಯಾನದಲ್ಲಿ ಬೇರೆ ದಾರಿಗಳೂ ಇವೆ. ಆದರೆ ಜಾಸ್ತಿ ಜನ ಹೋಗುವುದು, ಜಾಸ್ತಿ ಜನ ಸೋಲುವುದು ಮುಳ್ಳೋಡಿ ಅನ್ನುವ ಹಳ್ಳಿಯಿಂದ ಕುದುರೆಮುಖ ತುದಿಗೆ ಹೋಗುವ ದಾರಿಯಲ್ಲಿ. ಹೋಗಿ ಬರಲು 18ರಿಂದ 20 ಕಿಲೋಮೀಟರ್. ಎಲ್ಲವನ್ನೂ ಒಂದೇ ದಿನದಲ್ಲಿ ಮುಗಿಸಬೇಕು, ಮೇಲೆ ಟೆಂಟ್ ಹಾಕುವಂತಿಲ್ಲ. ಹಾಗಾಗಿ ಇಲ್ಲಿ ಬರೆದಿರುವುದೆಲ್ಲ ಆ ಒಂದು ದಿನದ ಲೆಕ್ಕ. ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ.

1. ಮೊದಲು ತಿಂಗಳು ಆರಿಸಿ, ಆಮೇಲೆ ದಿನ

ಫೋಟೋದಲ್ಲಿ ಹಸಿರು ಕಂಡು ಜುಲೈ, ಆಗಸ್ಟ್‌ಗೆ ಹೊರಡುವವರೇ ಹೆಚ್ಚು. ಅದು ಈ ಕಾಡಿನ ಅತಿ ಕಷ್ಟದ ಕಾಲ. ದಾರಿ ಪೂರ್ತಿ ಕೆಸರು, ಹಳ್ಳಗಳು ತುಂಬಿರುತ್ತವೆ, ಮೇಲೆ ಗಾಳಿಗೆ ನಿಲ್ಲಲಾಗುವುದಿಲ್ಲ, ಮಂಜಿನಲ್ಲಿ ಮುಂದಿನವರ ಬೆನ್ನು ಮಾತ್ರ ಕಾಣುತ್ತದೆ. ಮೊದಲ ಸಲ ಹೋಗುವವರು ಅಕ್ಟೋಬರ್ ಕೊನೆಯಿಂದ ಜನವರಿ ಒಳಗೆ ಹೋಗಿ. ಹಸಿರು ಆಗಲೂ ಇರುತ್ತದೆ, ದೂರದ ಬೆಟ್ಟಸಾಲೂ ಕಾಣುತ್ತದೆ.

ಬೇಸಿಗೆಯಲ್ಲಿ ಹುಲ್ಲು ಒಣಗಿ ಬೆಂಕಿ ಬೀಳುವ ಭಯಕ್ಕೆ ಅರಣ್ಯ ಇಲಾಖೆ ಚಾರಣ ನಿಲ್ಲಿಸುತ್ತದೆ. ಮಳೆ ಜೋರಾಗಿ ಚಿಕ್ಕಮಗಳೂರು ಜಿಲ್ಲೆಗೆ ರೆಡ್ ಅಲರ್ಟ್ ಬಂದರೂ ನಿಲ್ಲಿಸಬಹುದು. ಹೊರಡುವ ಹಿಂದಿನ ದಿನ ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡಿ. ಬೆಂಗಳೂರಿನ ಹವಾಮಾನ ನೋಡಿ ಕುದುರೆಮುಖಕ್ಕೆ ಬಟ್ಟೆ ತುಂಬಿಕೊಳ್ಳುವವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ರಜೆ ಸಿಗುವುದಾದರೆ ವಾರದ ನಡುವಿನ ದಿನ ಹಿಡಿಯಿರಿ. ಶನಿವಾರ, ಭಾನುವಾರ ನೂರಾರು ಜನ ತುಳಿದ ಮೇಲೆ ಅದೇ ದಾರಿ ಬೇರೆಯೇ ಆಗಿಬಿಡುತ್ತದೆ. ಬೆಳಗ್ಗೆ ಗಟ್ಟಿ ಇದ್ದ ಮಣ್ಣಿನ ಮೆಟ್ಟಿಲು ಮಧ್ಯಾಹ್ನಕ್ಕೆ ಜಾರುಬಂಡೆ.

2. ಟಿಕೆಟ್ ಕೈಗೆ ಬಂದ ಮೇಲೆ ಬಸ್ಸು

ಜನ ತಿರುಗು ಮುರುಗು ಮಾಡುವುದು ಇಲ್ಲೇ. ಬಸ್ಸು, ಹೋಮ್‌ಸ್ಟೇ ಎಲ್ಲ ಗೊತ್ತುಮಾಡಿಕೊಂಡು ಕೊನೆಗೆ ಚಾರಣದ ಟಿಕೆಟ್ ಹುಡುಕುತ್ತಾರೆ. ಅಷ್ಟೊತ್ತಿಗೆ ಅದು ಖಾಲಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇದೆ, ವಾರಾಂತ್ಯದ ಟಿಕೆಟ್ ಬಲು ಬೇಗ ಮುಗಿಯುತ್ತದೆ. ಅರಣ್ಯ ಇಲಾಖೆಯ 'ಅರಣ್ಯ ವಿಹಾರ' ಜಾಲತಾಣದಲ್ಲಿ ಮೊದಲು ಟಿಕೆಟ್ ಮಾಡಿ. ಗೈಡ್ ಜೊತೆಗಿರಲೇಬೇಕು, ಅದು ಕಡ್ಡಾಯ.

ಬುಕ್ ಮಾಡುವಾಗ ಯಾವ ಗುರುತಿನ ಚೀಟಿಯ ನಂಬರ್ ಕೊಟ್ಟಿದ್ದೀರೋ ಅದನ್ನೇ ಒಯ್ಯಿರಿ. ಟಿಕೆಟ್ ಪ್ರಿಂಟ್ ತೆಗೆದುಕೊಳ್ಳಿ, ಏಕೆಂದರೆ ಅಲ್ಲಿ ಸಿಗ್ನಲ್ ಇರುವುದಿಲ್ಲ, ಮೊಬೈಲಲ್ಲಿ ತೆರೆಯೋಣ ಅಂದರೆ ತೆರೆಯುವುದಿಲ್ಲ. ಗುಂಪು ಕರೆದುಕೊಂಡು ಹೋಗುವವರ ಮೂಲಕ ಹೋಗುವುದಾದರೆ ನಿಮ್ಮ ಹೆಸರಿರುವ ಟಿಕೆಟ್ ನೋಡುವ ತನಕ ದುಡ್ಡು ಪೂರ್ತಿ ಕೊಡಬೇಡಿ. ನಾನು ಎರಡನೇ ಸಲ ಹೋದಾಗ ನಾವು ಒಂಬತ್ತು ಜನ ಇದ್ದೆವು. ಕರೆತಂದವರು "ಎಲ್ಲ ಆಗಿದೆ" ಅಂದಿದ್ದರು. ಗೇಟಲ್ಲಿ ನಾಲ್ಕು ಜನರ ಹೆಸರೇ ಇರಲಿಲ್ಲ. ಆ ನಾಲ್ಕು ಜನ ಇಡೀ ದಿನ ಹೋಮ್‌ಸ್ಟೇ ಜಗಲಿಯಲ್ಲಿ ಕೂತರು. ಅವರಲ್ಲಿ ಒಬ್ಬಳು ಇದಕ್ಕಾಗಿಯೇ ಹುಬ್ಬಳ್ಳಿಯಿಂದ ಬಂದಿದ್ದಳು.

ದಾರಿ ಸರಳ. ಬೆಂಗಳೂರಿಂದ ರಾತ್ರಿ ಬಸ್ಸಿಗೆ ಕಳಸ, ಅಲ್ಲಿಂದ ಕುದುರೆಮುಖದ ಕಡೆ ಹೋಗುವ ಬಸ್ಸಿಗೆ ಸಂಸೆ, ಆಮೇಲೆ ಜೀಪಲ್ಲಿ ಮುಳ್ಳೋಡಿ. ಕೊನೆಯ ಆ ಕೆಲವು ಕಿಲೋಮೀಟರ್‌ಗೆ ನಿಮ್ಮ ಕಾರು ತರಬೇಡಿ, ಕಲ್ಲು ಮತ್ತು ಕೊರಕಲಿನ ದಾರಿ ಅದು. ಜೀಪಿನವರಿಗೆ ಹೋಮ್‌ಸ್ಟೇಯವರಿಂದಲೇ ಮೊದಲೇ ಹೇಳಿಸಿಡಿ. ಮಂಗಳೂರು ಕಡೆಯವರು ಕಾರ್ಕಳ, ಬಜಗೋಳಿ ಮೇಲೆ ಬರುತ್ತಾರೆ. ಆ ರಸ್ತೆ ಉದ್ಯಾನದ ಒಳಗೇ ಹಾಯುವುದರಿಂದ ಚೆಕ್‌ಪೋಸ್ಟ್ ಇದೆ. ನಡುವೆ ಎಲ್ಲೂ ಗಾಡಿ ನಿಲ್ಲಿಸಿ ಇಳಿಯಬೇಡಿ.

3. ಒಂದು ತಿಂಗಳು ಮೆಟ್ಟಿಲು ಇಳಿಯಿರಿ

ಹತ್ತುವುದನ್ನು ಎಲ್ಲರೂ ಅಭ್ಯಾಸ ಮಾಡುತ್ತಾರೆ. ಇಳಿಯುವುದನ್ನು ಯಾರೂ ಮಾಡುವುದಿಲ್ಲ. ಆದರೆ ಈ ಚಾರಣದಲ್ಲಿ ಕೈಕೊಡುವುದು ಇಳಿಯುವಾಗ ತೊಡೆ ಮತ್ತು ಮಂಡಿ. ಹತ್ತುವಾಗ ಏದುಸಿರು ಬಂದರೆ ಎರಡು ನಿಮಿಷ ನಿಂತರೆ ಸರಿಹೋಗುತ್ತದೆ. ಇಳಿಯುವಾಗ ತೊಡೆ ನಡುಗಲು ಶುರುವಾದರೆ ಎಷ್ಟು ನಿಂತರೂ ಅವತ್ತಿಗೆ ಸರಿಹೋಗುವುದಿಲ್ಲ.

ಅಪಾರ್ಟ್‌ಮೆಂಟ್, ಆಫೀಸು, ಎಲ್ಲಾದರೂ ಆಗಲಿ, ವಾರಕ್ಕೆ ನಾಲ್ಕು ದಿನ ಮೆಟ್ಟಿಲು ಹತ್ತಿ ಇಳಿಯಿರಿ. ಇಳಿಯಲು ಲಿಫ್ಟ್ ಹಿಡಿಯಬೇಡಿ. ಮೊದಲ ವಾರ 20 ನಿಮಿಷ, ಕೊನೆಯ ವಾರಕ್ಕೆ ಒಂದು ಗಂಟೆ. ಎರಡನೇ ವಾರದಿಂದ ಬೆನ್ನಿಗೆ ಚೀಲ ಹಾಕಿ, ಅದರಲ್ಲಿ ಎರಡು ದೊಡ್ಡ ನೀರಿನ ಬಾಟಲಿ ಇಡಿ. ಒಂದು ಗಂಟೆ ಮಾಡಿದ ಮರುದಿನ ತೊಡೆ ಹಿಡಿದುಕೊಳ್ಳದಿದ್ದರೆ ನೀವು ಸಿದ್ಧ. ಕೊನೆಯ ಮೂರು ದಿನ ಏನೂ ಮಾಡಬೇಡಿ. ಮಂಡಿ ಆಪರೇಷನ್ ಆದವರು, ಬಿಪಿ ಅಥವಾ ಹೃದಯದ ಮಾತ್ರೆ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳಿಯೇ ಹೊರಡಿ. ಮೇಲಿಂದ ಯಾರನ್ನಾದರೂ ಕೆಳಗೆ ತರಬೇಕೆಂದರೆ ಜನ ಹೊತ್ತುಕೊಂಡೇ ಬರಬೇಕು, ಬೇರೆ ದಾರಿ ಇಲ್ಲ.

ಕಾಲುಗುರು ಕತ್ತರಿಸಿ. ಇದು ಸಣ್ಣ ವಿಷಯ ಅಲ್ಲ. ಇಳಿಯುವಾಗ ಪ್ರತಿ ಹೆಜ್ಜೆಗೂ ಹೆಬ್ಬೆರಳು ಶೂ ತುದಿಗೆ ಹೊಡೆಯುತ್ತದೆ. ಉಗುರು ಉದ್ದ ಇದ್ದರೆ ಸಂಜೆಗೆ ಅದರ ಕೆಳಗೆ ರಕ್ತ ಕಟ್ಟಿ ಕಪ್ಪಾಗುತ್ತದೆ, ತಿಂಗಳ ಮೇಲೆ ಉದುರುತ್ತದೆ. ಎರಡು ದಿನ ಮೊದಲೇ ಕತ್ತರಿಸಿ, ಹಿಂದಿನ ರಾತ್ರಿ ಕತ್ತರಿಸಿ ಗಾಯ ಮಾಡಿಕೊಳ್ಳಬೇಡಿ.

4. ಕಾಲಿಗೆ ಏನು, ಚೀಲಕ್ಕೆ ಏನು

ಶೂ ಹೊಸದಾಗಿರಬಾರದು, ಸವೆದೂ ಇರಬಾರದು. ತಳ ಮೆತ್ತಗಿದ್ದು ಹಲ್ಲು ಆಳವಾಗಿರಬೇಕು. ಓಡುವ ಶೂಗಳ ನುಣುಪು ತಳ ಇಲ್ಲಿನ ಒದ್ದೆ ಕಲ್ಲಿಗೆ ಆಗುವುದಿಲ್ಲ. ಹಳೆಯ ಶೂ ಕಪಾಟಿನಲ್ಲಿ ವರ್ಷಗಟ್ಟಲೆ ಇದ್ದರೆ ಅಂಟು ಒಣಗಿ, ನೀರಿಗೆ ಬಿದ್ದ ಅರ್ಧ ಗಂಟೆಯಲ್ಲಿ ತಳ ಕಿತ್ತುಬರುತ್ತದೆ. ಒಂದು ವಾರ ಮೊದಲು ಬಕೆಟ್ ನೀರಲ್ಲಿ ಒಂದು ಗಂಟೆ ಮುಳುಗಿಸಿಟ್ಟು ಆಮೇಲೆ ಹಾಕಿಕೊಂಡು ನಡೆದು ನೋಡಿ. ಬಿಡುವುದಾದರೆ ಮನೆಯಲ್ಲೇ ಬಿಡಲಿ.

ಜೀನ್ಸ್ ಬೇಡ. ನೆನೆದ ಜೀನ್ಸ್ ತೊಡೆ ಉಜ್ಜಿ ಚರ್ಮ ಕಿತ್ತುಬಿಡುತ್ತದೆ. ಬೇಗ ಒಣಗುವ ಪ್ಯಾಂಟು, ಉದ್ದ ತೋಳಿನ ಅಂಗಿ ಸಾಕು. ಒಳತೊಡೆಗೆ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲೀನ್ ಹಚ್ಚಿ. ಮಳೆಗೆ ಕೊಡೆ ಉಪಯೋಗಕ್ಕೆ ಬರುವುದಿಲ್ಲ, ಗಾಳಿ ತಿರುಚಿಬಿಡುತ್ತದೆ. ಗುಂಡಿ ಇರುವ ರೇನ್‌ಕೋಟ್ ತನ್ನಿ.

ಚೀಲದಲ್ಲಿ ಎಲ್ಲಕ್ಕಿಂತ ಕೆಳಗೆ, ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿ, ಒಂದು ಒಣ ಬನಿಯನ್, ಒಂದು ಸ್ವೆಟರ್, ಒಂದು ಜೊತೆ ಕಾಲುಚೀಲ. ಇದನ್ನು ಚಳಿಯಾಯ್ತು ಅಂತ ಸುಮ್ನೆ ತೆಗೆಯಬೇಡಿ. ಅದು ಆಪತ್ತಿಗೆ. ಅದರ ಮೇಲೆ ಟಾರ್ಚು, ಹಣೆಗೆ ಕಟ್ಟುವಂಥದ್ದಾದರೆ ಒಳ್ಳೆಯದು, ಜೊತೆಗೆ ಬೇರೆ ಸೆಲ್. ಬೆಳಕಿರುವಾಗಲೇ ಬರುತ್ತೇವಲ್ಲ ಅಂತ ಟಾರ್ಚ್ ಬಿಡಬೇಡಿ. ಮೊಬೈಲ್ ಟಾರ್ಚ್ ನಂಬಿದರೆ ಒಂದು ಕೈ ಅದಕ್ಕೇ ಹೋಗುತ್ತದೆ, ಇಳಿಯುವಾಗ ಎರಡೂ ಕೈ ಬೇಕು. ಆಮೇಲೆ ಎರಡು ಲೀಟರ್ ನೀರು, ನಾಲ್ಕು ಓಆರ್‌ಎಸ್ ಪೊಟ್ಟಣ, ಸೀಟಿ, ಬ್ಯಾಂಡೇಜ್ ಬಟ್ಟೆ, ಹತ್ತಿ, ಡೆಟಾಲ್, ಮೊನಚಾದ ಚಿಮುಟ. ಊಟಕ್ಕೆ ಹೋಮ್‌ಸ್ಟೇಯವರು ಚಿತ್ರಾನ್ನವೋ ಪಲಾವೋ ಕಟ್ಟಿಕೊಡುತ್ತಾರೆ, ಅದಕ್ಕೆ ಸ್ಟೀಲ್ ಡಬ್ಬಿ ಒಯ್ಯಿರಿ. ಜೇಬಲ್ಲಿ ಶೇಂಗಾ ಚಿಕ್ಕಿ, ಬೆಲ್ಲದ ಚೂರು ಇರಲಿ. ಚಿಪ್ಸ್ ಪೊಟ್ಟಣ, ಬಿಸಾಡುವ ಬಾಟಲಿ, ಮದ್ಯ, ಸಿಗರೇಟು, ಸ್ಪೀಕರ್, ಡ್ರೋನ್ ಯಾವುದೂ ಬೇಡ. ಇದು ರಾಷ್ಟ್ರೀಯ ಉದ್ಯಾನ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇಲ್ಲಿ ಪೂರ್ತಿ ಅನ್ವಯಿಸುತ್ತದೆ.

ಕೋಲು ಒಂದು ಇರಲಿ. ಕಾಡಲ್ಲಿ ಗಿಡ ಮುರಿಯಬೇಡಿ, ಹೋಮ್‌ಸ್ಟೇಯಲ್ಲಿ ಕೇಳಿದರೆ ಎದೆಯೆತ್ತರದ ಬಿದಿರು ಕೊಡುತ್ತಾರೆ.

5. ಹಿಂದಿನ ರಾತ್ರಿ ಮುಳ್ಳೋಡಿಯಲ್ಲಿ ಮಲಗಿ

ರಾತ್ರಿಯೆಲ್ಲ ಬಸ್ಸಲ್ಲಿ ಕೂತು, ಬೆಳಗ್ಗೆ ಇಳಿದು, ಸೀದಾ ಬೆಟ್ಟ ಹತ್ತುವುದು ನಾನು ಕಂಡ ಅತಿ ದೊಡ್ಡ ತಪ್ಪು. ಘಾಟಿಯ ತಿರುವಿನಲ್ಲಿ ನಿದ್ದೆ ಬಂದಿರುವುದಿಲ್ಲ, ಹೊಟ್ಟೆ ಸರಿ ಇರುವುದಿಲ್ಲ, ತಿಂಡಿ ಮುಗಿಸಿ ಜೀಪ್ ಹತ್ತುವಾಗ ಒಂಬತ್ತು ಗಂಟೆ. ಆ ದಿನ ಅಲ್ಲೇ ಸೋತಿತು. ಒಂದು ದಿನ ಜಾಸ್ತಿ ರಜೆ ಹಾಕಿ. ಹಗಲಲ್ಲೇ ಮುಳ್ಳೋಡಿ ಸೇರಿ, ಎಂಟೂವರೆಗೆ ಊಟ, ಒಂಬತ್ತಕ್ಕೆ ನಿದ್ದೆ.

ಮಲಗುವ ಮೊದಲು ಗೈಡ್ ಜೊತೆ ಕೂತು ಮೂರು ಮಾತು ಕೇಳಿ. ಇವತ್ತು ಹಳ್ಳದ ನೀರು ಎಷ್ಟಿತ್ತು? ಬೆಳಗ್ಗೆ ಎಷ್ಟೊತ್ತಿಗೆ ಬಿಡ್ತಾರೆ? ಸಂಜೆ ಎಷ್ಟೊತ್ತಿಗೆ ಕೆಳಗೆ ಇರಬೇಕು? ಗೈಡ್‌ಗಳು ಈ ಊರಿನವರೇ, ಹುಟ್ಟಿದಾಗಿನಿಂದ ಆ ದಾರಿ ತುಳಿದವರು. "ಅಣ್ಣಾ, ನಮ್ಮಲ್ಲಿ ಇವರಿಗೆ ಮಂಡಿ ನೋವಿದೆ" ಅಂತ ಮೊದಲೇ ಹೇಳಿಬಿಡಿ. ಮುಚ್ಚಿಟ್ಟು ಅರ್ಧ ದಾರಿಯಲ್ಲಿ ಹೇಳಿದರೆ ಅವರೇನು ಮಾಡಲು ಸಾಧ್ಯ, ಅಲ್ವಾ?

ಮನೆಯವರಿಗೆ ಫೋನ್ ಮಾಡಿ ನಾಳೆ ಇಡೀ ದಿನ ಸಿಗ್ನಲ್ ಇರಲ್ಲ ಅಂತ ಹೇಳಿ, ಹೋಮ್‌ಸ್ಟೇ ನಂಬರ್ ಕೊಡಿ.

6. ಉಂಬಳಕ್ಕೆ ಹೆದರಬೇಡಿ, ತಯಾರಾಗಿ

ಜನ ಅತಿ ಜಾಸ್ತಿ ಕೇಳುವುದು ಇದನ್ನೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನೀರಿನ ಜಿಗಣೆ ಬೇರೆ, ಮಲೆನಾಡಿನ ಉಂಬಳ ಬೇರೆ. ಇದು ನೆಲದ ಮೇಲಿನದು. ಒದ್ದೆ ತರಗೆಲೆಯ ಮೇಲೆ ಕಪ್ಪು ದಾರದ ತುಂಡಿನಂತೆ ಎದ್ದು ನಿಂತು, ಒಂದು ತುದಿ ನೆಲಕ್ಕೆ ಅಂಟಿಸಿ ಇನ್ನೊಂದು ತುದಿಯನ್ನು ಗಾಳಿಯಲ್ಲಿ ಆಡಿಸುತ್ತಿರುತ್ತದೆ. ನೀವು ನಿಂತರೆ ನಿಮ್ಮ ಕಡೆಗೆ ಬಾಗುತ್ತದೆ. ನೆಲದ ಅದುರು, ಉಸಿರು, ಮೈಶಾಖ ಇವೇ ಅದಕ್ಕೆ ದಾರಿ ತೋರಿಸುವುದು.

ತಡೆಯುವ ಕ್ರಮ ಹೀಗೆ. ಮೊದಲು ತೆಳ್ಳಗಿನ ಕಾಲುಚೀಲ. ಅದರ ಮೇಲೆ ಮಂಡಿವರೆಗೆ ಬರುವ, ನೇಯ್ಗೆ ದಟ್ಟ ಇರುವ ಉಂಬಳದ ಕಾಲುಚೀಲ. ಪ್ಯಾಂಟಿನ ತುದಿ ಅದರ ಒಳಗೆ ಹೋಗಬೇಕು, ಹೊರಗಲ್ಲ. ಅಂಗಿಯನ್ನೂ ಪ್ಯಾಂಟಿನೊಳಗೆ ಸೇರಿಸಿ. ಆಮೇಲೆ ಶೂ ಮೇಲೆ, ಕಾಲುಚೀಲದ ಮೇಲೆ ಹೊಗೆಸೊಪ್ಪು ನೆನೆಸಿದ ನೀರೋ, ಸುಣ್ಣವೋ, ನಶ್ಯವೋ ಹಚ್ಚಿ. ಊರಿನವರು ಮಾಡುವುದು ಇದನ್ನೇ. ಮಳೆಗೆ ತೊಳೆದು ಹೋಗುತ್ತದೆ, ಗಂಟೆಗೊಮ್ಮೆ ಮತ್ತೆ ಹಚ್ಚಬೇಕು. ಕಾಡಿನ ನೆರಳಲ್ಲಿ ನಿಲ್ಲಬೇಡಿ, ಕೂರಬೇಡಿ. ವಿಶ್ರಾಂತಿ ಬೇಕಾದರೆ ಬಿಸಿಲು ಬೀಳುವ ಬಯಲು ಸಿಗುವ ತನಕ ನಡೆಯಿರಿ. ಸಾಲಿನಲ್ಲಿ ಮುಂದೆ ಹೋಗುವವರಿಗಿಂತ ಹಿಂದಿರುವವರಿಗೆ ಹೆಚ್ಚು ಹತ್ತುತ್ತದೆ ಅನ್ನುವುದು ನನ್ನ ಅನುಭವ. ಹಾಗಾಗಿ ಚಿಕ್ಕ ಮಕ್ಕಳಿದ್ದರೆ ಗೈಡ್ ಹಿಂದೆಯೇ ಬಿಡಿ.

ಕಚ್ಚಿದರೆ ಎಳೆಯಬೇಡಿ. ಬೆಂಕಿಕಡ್ಡಿ ತಾಗಿಸುವುದೂ ಬೇಡ, ಅದು ಹೊಟ್ಟೆಯಲ್ಲಿರುವುದನ್ನು ಗಾಯದೊಳಗೇ ಕಕ್ಕಬಹುದು. ತೆಳ್ಳಗಿರುವ ತುದಿ ಬಾಯಿ. ಅದರ ಪಕ್ಕ ಉಗುರು ಊರಿ, ಚರ್ಮದ ಉದ್ದಕ್ಕೂ ಒಂದು ಕಡೆಗೆ ಜಾರಿಸಿ. ಬಿಟ್ಟುಕೊಂಡ ಕೂಡಲೇ ಇನ್ನೊಂದು ತುದಿಯನ್ನೂ ಹಾಗೆಯೇ ಬಿಡಿಸಿ ದೂರ ಚಿಮ್ಮಿಸಿ. ರಕ್ತ ನಿಲ್ಲುವುದಿಲ್ಲ ಅಂತ ಗಾಬರಿಯಾಗಬೇಡಿ. ಅದರ ಎಂಜಲಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇದೆ. ಒಂದೆರಡು ಗಂಟೆ ಒಸರುವುದು ಮಾಮೂಲು. ತೊಳೆದು, ಹತ್ತಿ ಒತ್ತಿ, ಬಟ್ಟೆ ಕಟ್ಟಿ ನಡೆಯಿರಿ. ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರು ಮಾತ್ರ ಮಳೆಗಾಲದಲ್ಲಿ ಬರಲೇಬೇಡಿ.

7. ಮೊದಲ ಎರಡು ಗಂಟೆ ನಿಧಾನ

ಬೆಳಗ್ಗೆ ಬಿಡುವ ಹೊತ್ತಿಗೆ ಸರಿಯಾಗಿ ಗೇಟಲ್ಲಿರಿ. ಇಡ್ಲಿ, ಅವಲಕ್ಕಿ ಥರದ ಹಗುರ ತಿಂಡಿ ಸಾಕು. ಮೊದಲ ಭಾಗ ತೋಟ, ಹಳ್ಳ, ಕಾಡು ಅಂತ ಹಿತವಾಗಿರುತ್ತದೆ. ಇಲ್ಲೇ ಹುರುಪಿನಲ್ಲಿ ಓಡುವವರು ಒಂಟಿಮರದ ಹತ್ತಿರ ಕೂತುಬಿಡುತ್ತಾರೆ. ನಡೆಯುತ್ತಾ ಪಕ್ಕದವರ ಜೊತೆ ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗುತ್ತಿಲ್ಲ ಅಂದರೆ ವೇಗ ಜಾಸ್ತಿ ಆಯ್ತು ಅಂತ ಅರ್ಥ.

ಬಾಯಾರಿಕೆ ಆಗುವ ತನಕ ಕಾಯಬೇಡಿ. ಅರ್ಧ ಗಂಟೆಗೆ ನಾಲ್ಕು ಗುಟುಕು ಕುಡಿಯಿರಿ. ಮಳೆಕಾಡಿನಲ್ಲಿ ಗಾಳಿಯೇ ಒದ್ದೆ, ಹಾಗಾಗಿ ಬೆವರು ಆರುವುದಿಲ್ಲ. ಎಷ್ಟು ಬೆವರಿದ್ದೀರಿ ಅನ್ನುವುದೂ ಗೊತ್ತಾಗುವುದಿಲ್ಲ. ಮೀನಖಂಡ ಹಿಡಿದುಕೊಂಡರೆ, ಮೂತ್ರ ಗಾಢ ಹಳದಿಯಾದರೆ, ತಲೆ ಸಿಡಿದರೆ ಕೂತು ಓಆರ್‌ಎಸ್ ಕುಡಿಯಿರಿ. ಬರೀ ನೀರು ಆಗ ಸಾಲದು.

ಒದ್ದೆ ಬೇರಿನ ಮೇಲೆ ಕಾಲಿಡಬೇಡಿ, ದಾಟಿ ಇಡಿ. ಕಲ್ಲಿಗಿಂತ ಬೇರೇ ಹೆಚ್ಚು ಜಾರುತ್ತದೆ. ಹಿಡಿದುಕೊಳ್ಳುವ ಮೊದಲು ಕೈ ಎಲ್ಲಿಗೆ ಹೋಗುತ್ತಿದೆ ಅಂತ ನೋಡಿ. ಬೆತ್ತದ ಬಳ್ಳಿಗೆ ಮುಳ್ಳು, ತುರಿಚೆ ಎಲೆ ತಾಗಿದರೆ ದಿನವೆಲ್ಲ ಉರಿ. ಮಳೆಗಾಲದಲ್ಲಿ ಎದೆಯೆತ್ತರದ ಕೊಂಬೆಯಲ್ಲಿ ಗುಳಿಮಂಡಲ ಹಾವು ಎಲೆಯ ಬಣ್ಣದಲ್ಲೇ ಸುತ್ತಿಕೊಂಡು ಅಲ್ಲಾಡದೆ ಕೂತಿರುತ್ತದೆ. ಅದು ಅಟ್ಟಿಸಿಕೊಂಡು ಬರುವುದಿಲ್ಲ, ಆದರೆ ಮೇಲೆ ಕೈ ಇಟ್ಟರೆ ಕಚ್ಚುತ್ತದೆ.

8. ಹಳ್ಳ ದಾಟುವಾಗ

ಶೂ ಬಿಚ್ಚಬೇಡಿ. ಬರಿಗಾಲಲ್ಲಿ ಪಾಚಿ ಕಲ್ಲಿನ ಮೇಲೆ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡವರನ್ನು ನೋಡಿದ್ದೇನೆ. ಶೂ ಒದ್ದೆಯಾಗಲಿ, ಹೇಗೂ ಆಗುತ್ತದೆ. ಚೀಲದ ಸೊಂಟದ ಬೆಲ್ಟ್ ಬಿಚ್ಚಿ, ಬಿದ್ದರೆ ಚೀಲ ಕಳಚುವಂತಿರಬೇಕು. ಕೋಲನ್ನು ನೀರು ಬರುವ ಕಡೆಗೆ ಊರಿ, ಅಡ್ಡಡ್ಡವಾಗಿ ಹೆಜ್ಜೆ ಇಡಿ. ಒಂದು ಕಾಲು ಗಟ್ಟಿಯಾದ ಮೇಲೆ ಇನ್ನೊಂದು. ಕಲ್ಲಿನಿಂದ ಕಲ್ಲಿಗೆ ಹಾರಬೇಡಿ.

ದಾಟುವ ಮೊದಲು ಒಂದು ನಿಮಿಷ ನಿಂತು ನೀರನ್ನು ನೋಡಿ. ತಿಳಿ ಇದ್ದದ್ದು ಕೆಂಪಾಗಿದೆಯಾ? ಎಲೆ, ಕಡ್ಡಿ ತೇಲಿ ಬರಲು ಶುರುವಾಗಿದೆಯಾ? ಒಳಗೆ ಕಲ್ಲು ಉರುಳುವ ಸದ್ದು ಇದೆಯಾ? ಇದರಲ್ಲಿ ಒಂದು ಕಂಡರೂ ಮೇಲೆಲ್ಲೋ ಜೋರು ಮಳೆ ಬಿದ್ದಿದೆ, ನೀರು ಏರುತ್ತಿದೆ. ಆಗ ದಾಟಬೇಡಿ. ದಾಟಿದರೆ ವಾಪಸ್ ಬರುವುದೇ ಕಷ್ಟವಾಗುತ್ತದೆ. ನೀರು ಮಂಡಿಗಿಂತ ಮೇಲೆ ಬಂದು ಸೆಳೆತ ಇದ್ದರೂ ಅಷ್ಟೇ. ಗೈಡ್ ಬೇಡ ಅಂದ ಮೇಲೆ ವಾದ ಮಾಡಬೇಡಿ.

9. ಹುಲ್ಲುಬೆಟ್ಟದ ಮೇಲೆ ಮಂಜು ಮತ್ತು ಗಾಳಿ

ಒಂಟಿಮರ ದಾಟಿದ ಮೇಲೆ ಕಾಡು ಕಣಿವೆಗೆ ಇಳಿದು, ಬೋಳು ಹುಲ್ಲುಬೆಟ್ಟ ಸಿಗುತ್ತದೆ. ಮಡಿಲಲ್ಲಿ ಶೋಲಾ, ಅಂದರೆ ಗಿಡ್ಡ ಮರಗಳ ದಟ್ಟ ಕಾಡು, ನೆತ್ತಿಯಲ್ಲಿ ಹುಲ್ಲು. ಒಂದು ಗುಡ್ಡ ಹತ್ತಿದ ಮೇಲೆ ಇದೇ ತುದಿ ಅನಿಸುತ್ತದೆ, ಅದರ ಹಿಂದೆ ಇನ್ನೊಂದು. ಅದನ್ನು ಮೊದಲೇ ತಿಳಿದಿರಿ, ಮನಸ್ಸು ಕುಗ್ಗುವುದಿಲ್ಲ. ಕೊನೆಯಲ್ಲಿ ಹಳೆಯ ಚರ್ಚಿನ ಮುರುಕು ಗೋಡೆಗಳು ಕಂಡ ಮೇಲೆ ತುದಿ ದೂರ ಇಲ್ಲ.

ಮಂಜು ಕವಿದರೆ ಕಾಲುದಾರಿ ಬಿಡಬೇಡಿ. ಹುಲ್ಲಿನ ನಡುವೆ ಕಾಟಿಗಳು (ಕಾಡುಕೋಣಗಳು) ನಡೆದ ದಾರಿಯೂ ಇದೆ, ಅದೂ ನೋಡಲು ಹಾಗೆಯೇ ಇರುತ್ತದೆ. ಗುಂಪಿನ ಕೊನೆಗೆ ಗಟ್ಟಿಗರೊಬ್ಬರನ್ನು ನಿಲ್ಲಿಸಿ, ಅವರ ಹಿಂದೆ ಯಾರೂ ಉಳಿಯಬಾರದು. ದಾರಿ ತಪ್ಪಿತು ಅನಿಸಿದರೆ ಅಲ್ಲೇ ನಿಂತು ಮೂರು ಸಲ ಸೀಟಿ ಊದಿ, ನಿಮಿಷ ಬಿಟ್ಟು ಮತ್ತೆ ಮೂರು. ಹುಡುಕಿಕೊಂಡು ಕೆಳಗಿಳಿಯಬೇಡಿ. ಸಿಡಿಲು, ಗುಡುಗು ಶುರುವಾದರೆ ಬೆಟ್ಟದ ನೆತ್ತಿಯ ಮೇಲೆ, ಒಂಟಿ ಮರದ ಕೆಳಗೆ ನಿಲ್ಲಬೇಡಿ. ಕೂಡಲೇ ಕೆಳಗಿಳಿಯಿರಿ.

ಮಳೆ ಮತ್ತು ಗಾಳಿ ಸೇರಿದರೆ ಬರುವ ಚಳಿಯನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಒಬ್ಬ ಹುಡುಗ ಚೀಲದ ಜಿಪ್ ಎಳೆಯಲು ಹೋಗಿ ಮೂರು ಸಲ ತಪ್ಪಿದ. ಬೆರಳು ಹಿಡಿಯುತ್ತಲೇ ಇರಲಿಲ್ಲ. ಕೇಳಿದರೆ "ಏನಿಲ್ಲ, ಸರಿ ಇದೀನಿ" ಅಂದ, ಆದರೆ ಮಾತು ತೊದಲುತ್ತಿತ್ತು. ನಾವು ತಕ್ಷಣ ಬಂಡೆಯ ಮರೆಗೆ ಕರೆದೊಯ್ದು, ಒದ್ದೆ ಅಂಗಿ ತೆಗೆಸಿ, ಒಣ ಬನಿಯನ್, ಸ್ವೆಟರ್, ಅದರ ಮೇಲೆ ರೇನ್‌ಕೋಟ್ ಹಾಕಿಸಿ, ಬೆಲ್ಲ ತಿನ್ನಿಸಿ, ನಿಧಾನಕ್ಕೆ ಕೆಳಗೆ ನಡೆಸಿದೆವು. ನಡುಕ, ಬೆರಳು ಕೆಲಸ ಮಾಡದಿರುವುದು, ತೊದಲು, ಸುಮ್ಮನೆ ಕೂತುಬಿಡುವುದು: ಇವು ಕಂಡರೆ ತುದಿ ಎಷ್ಟೇ ಹತ್ತಿರ ಇರಲಿ, ವಾಪಸ್. ಚೀಲದ ತಳದಲ್ಲಿ ಒಣ ಬಟ್ಟೆ ಇಡಿ ಅಂದಿದ್ದು ಇದಕ್ಕೇ.

10. ವಾಪಸ್ ತಿರುಗುವ ಗಂಟೆ ಮೊದಲೇ ಗೊತ್ತುಮಾಡಿ

ಇಡೀ ಬರಹದಲ್ಲಿ ಒಂದೇ ಒಂದು ನೆನಪಿಡುವುದಾದರೆ ಇದನ್ನು ಇಟ್ಟುಕೊಳ್ಳಿ. ಸಂಜೆ ಕೆಳಗೆ ಇರಬೇಕಾದ ಹೊತ್ತಿನಿಂದ ಹಿಂದಕ್ಕೆ ಎಣಿಸಿ. ಐದು ಗಂಟೆಗೆ ಕೆಳಗಿರಬೇಕು ಅಂದುಕೊಳ್ಳಿ. ಇಳಿಯಲು ಸಾಮಾನ್ಯರಿಗೆ ನಾಲ್ಕು ಗಂಟೆ ಬೇಕು. ಆಪತ್ತಿಗೆ ಅರ್ಧ ಗಂಟೆ. ಅಂದರೆ ಹನ್ನೆರಡೂವರೆಗೆ ಎಲ್ಲಿದ್ದರೂ ತಿರುಗಬೇಕು. ಬೆಳಗ್ಗೆ ಏಳಕ್ಕೆ ಹೊರಟಿದ್ದರೆ ಹತ್ತಲು ಐದೂವರೆ ಗಂಟೆ ಸಿಗುತ್ತದೆ, ಅದು ಸಾಕು. ಎಂಟೂವರೆಗೆ ಹೊರಟರೆ ನಾಲ್ಕೇ ಗಂಟೆ, ಹೆಚ್ಚಿನವರಿಗೆ ಸಾಲದು.

ಇಳಿಯಲು ಅರ್ಧ ಹೊತ್ತು ಸಾಕು ಅನ್ನುವುದು ಬಯಲಿನ ಬೆಟ್ಟದ ಲೆಕ್ಕ. ಇಲ್ಲಿ ಮಳೆ ಬಂದರೆ ಹತ್ತಿದಷ್ಟೇ ಹೊತ್ತು ಇಳಿಯಲೂ ಬೇಕು. ಆ ಗಂಟೆಯನ್ನು ಬೆಳಗ್ಗೆಯೇ ಗುಂಪಿಗೆಲ್ಲ ಹೇಳಿ, ಒಬ್ಬರ ಫೋನಲ್ಲಿ ಅಲಾರಂ ಇಡಿ. ಅದು ಬಡಿದಾಗ "ಇನ್ನು ಹತ್ತೇ ನಿಮಿಷ" ಅನ್ನುವವರು ಇದ್ದೇ ಇರುತ್ತಾರೆ. ನನ್ನ ಮೊದಲ ಸಲ ನಾನೇ ಹಾಗೆ ಅಂದಿದ್ದೆ. ಹತ್ತು ನಿಮಿಷ ಐವತ್ತಾಯಿತು. ಕೊನೆಯ ಎರಡು ಕಿಲೋಮೀಟರ್ ಕಾಡಿನೊಳಗೆ, ಏಳು ಜನಕ್ಕೆ ಎರಡು ಟಾರ್ಚು. ಜೊತೆಗಿದ್ದ ಗೆಳತಿಯ ಮಂಡಿ ತಿರುಚಿ ಅವಳು ಆರು ವಾರ ಕೆಲಸಕ್ಕೆ ಹೋಗಲಿಲ್ಲ.

11. ಇಳಿಯುವಾಗ

ಶೂ ಲೇಸ್ ಬಿಚ್ಚಿ ಮತ್ತೆ ಕಟ್ಟಿ. ಹಿಮ್ಮಡಿ ಹಿಂದಕ್ಕೆ ಒತ್ತಿ, ಕಣಕಾಲಿನ ಹತ್ತಿರ ಬಿಗಿ ಇರಲಿ, ಬೆರಳು ಮುಂದಕ್ಕೆ ಜಾರಬಾರದು. ಮಂಡಿ ಸ್ವಲ್ಪ ಬಗ್ಗಿರಲಿ, ಹೆಜ್ಜೆ ಚಿಕ್ಕದು. ಕಡಿದಾದ ಕಡೆ ಪಕ್ಕಕ್ಕೆ ತಿರುಗಿ ಇಳಿಯಿರಿ. ಹಿಂದಕ್ಕೆ ವಾಲಿ ಹಿಮ್ಮಡಿ ಊರಿದರೆ ಜಾರುವುದು ಖಂಡಿತ. ಓಡಬೇಡಿ. ಪಕ್ಕದ ಹುಲ್ಲಲ್ಲಿ ಅಡ್ಡದಾರಿ ಹಿಡಿಯಬೇಡಿ, ಕಲ್ಲು ಕಾಣುವುದಿಲ್ಲ, ಜೊತೆಗೆ ಆ ಹುಲ್ಲು ಕಿತ್ತರೆ ಮುಂದಿನ ಮಳೆಗೆ ಅಲ್ಲೊಂದು ಕೊರಕಲು ಹುಟ್ಟುತ್ತದೆ.

ಗಂಟೆಗೆ ಐದು ನಿಮಿಷ ಕೂತು ಏನಾದರೂ ತಿನ್ನಿ. ಹೆಚ್ಚಿನವರು ಬೀಳುವುದು ಕೊನೆಯ ಗಂಟೆಯಲ್ಲಿ, ಊರಿನ ನಾಯಿ ಬೊಗಳುವುದು ಕೇಳಿಸಿದ ಮೇಲೆ. ಮನಸ್ಸು ಆಗಲೇ ಮನೆ ಸೇರಿರುತ್ತದೆ, ಕಾಲು ಇನ್ನೂ ಕಲ್ಲಿನ ಮೇಲಿರುತ್ತದೆ.

12. ಪ್ರಾಣಿ ಎದುರಾದರೆ

ಕಾಟಿ ಕಂಡರೆ ನಿಲ್ಲಿ, ಫೋಟೋಗೆ ಹತ್ತಿರ ಹೋಗಬೇಡಿ, ಅದಕ್ಕೆ ಹೋಗಲು ದಾರಿ ಬಿಡಿ. ತಲೆ ತಗ್ಗಿಸಿ ಬುಸುಗುಟ್ಟಿದರೆ ಮೆಲ್ಲಗೆ ಹಿಂದೆ ಸರಿಯಿರಿ. ಸಿಂಗಳೀಕಗಳಿಗೆ ತಿಂಡಿ ಹಾಕಬೇಡಿ. ಮಂಗ ಸತ್ತು ಬಿದ್ದಿದ್ದರೆ ಹತ್ತಿರವೂ ಹೋಗಬೇಡಿ, ಕೆಳಗೆ ಬಂದ ಕೂಡಲೇ ಅರಣ್ಯ ಸಿಬ್ಬಂದಿಗೆ ಜಾಗ ತಿಳಿಸಿ.

ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಉಂಗುರ, ವಾಚು ತೆಗೆದು, ಕಚ್ಚಿದ ಕೈಕಾಲು ಅಲ್ಲಾಡದಂತೆ ಕೋಲು ಕಟ್ಟಿ, ನಡೆಸದೆ ಹೊತ್ತು ತನ್ನಿ. ಸಿಗ್ನಲ್ ಸಿಕ್ಕ ಕೂಡಲೇ 108ಕ್ಕೆ ಫೋನ್ ಮಾಡಿ. ಹೋಮ್‌ಸ್ಟೇಯವರ ಜೀಪು ಅದಕ್ಕಿಂತ ಬೇಗ ಸಿಗಬಹುದು, ಎರಡನ್ನೂ ನೋಡಿ.

13. ಬಂದ ಮೇಲೆ ಮೈ ನೋಡಿಕೊಳ್ಳಿ

ಬಿಸಿನೀರು ಸ್ನಾನ ಮಾಡಿ, ಬಟ್ಟೆಯನ್ನೆಲ್ಲ ಬಿಸಿನೀರಿಗೆ ಹಾಕಿ. ಉಂಬಳ ಕಚ್ಚಿದ ಜಾಗ ತುರಿಸಿದರೂ ಕೆರೆಯಬೇಡಿ, ಕೀವಾಗುತ್ತದೆ.

ಆಮೇಲೆ ಉಣುಗು, ಅಂದರೆ ಮೈಗೆ ಕಚ್ಚಿಕೊಳ್ಳುವ ಉಣ್ಣೆ ಹುಳ, ಹುಡುಕಿ. ಉಂಬಳಕ್ಕೆ ಹೆದರುವ ಜನ ಇದನ್ನು ಮರೆತೇಬಿಡುತ್ತಾರೆ. ಮಳೆ ನಿಂತ ಮೇಲೆ, ಅದರಲ್ಲೂ ಡಿಸೆಂಬರಿನಿಂದ ಬೇಸಿಗೆವರೆಗೆ, ಇವುಗಳ ಮರಿಗಳು ಎಳ್ಳುಕಾಳಿಗಿಂತ ಚಿಕ್ಕದಾಗಿ ಹುಲ್ಲು, ತರಗೆಲೆಯಲ್ಲಿರುತ್ತವೆ. ಮಂಗನ ಕಾಯಿಲೆ ಹರಡುವುದು ಇವುಗಳಿಂದಲೇ. ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಗುರುತಿಸಿದ ಆ ಕಾಯಿಲೆ ಚಿಕ್ಕಮಗಳೂರು ಜಿಲ್ಲೆಯಲ್ಲೂ ಕಾಣಿಸಿಕೊಳ್ಳುತ್ತದೆ. ಕಿವಿಯ ಹಿಂದೆ, ಕಂಕುಳು, ಸೊಂಟದ ಪಟ್ಟಿ, ತೊಡೆಸಂದು, ಮಂಡಿಯ ಹಿಂಭಾಗ, ಕೂದಲ ಬುಡ, ಒಂದೊಂದನ್ನೂ ಬೆಳಕಿನಲ್ಲಿ ನೋಡಿ. ಬೆನ್ನನ್ನು ಬೇರೆಯವರಿಂದ ನೋಡಿಸಿಕೊಳ್ಳಿ. ಕಚ್ಚಿಕೊಂಡಿದ್ದರೆ ಚಿಮುಟದಿಂದ ಚರ್ಮಕ್ಕೆ ಅಂಟಿದಂತೆ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಬೆರಳಲ್ಲಿ ಹಿಸುಕಬೇಡಿ, ಎಣ್ಣೆ ಹಾಕಿ ಕಾಯಬೇಡಿ. ಸೋಪಿನಲ್ಲಿ ತೊಳೆಯಿರಿ.

ಮುಂದಿನ ಮೂರು ವಾರ ಜ್ವರದ ಮೇಲೆ ಕಣ್ಣಿಡಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಮಂಗನ ಕಾಯಿಲೆ ಇರಬಹುದು, ಗಾಯದ ಕಾಲಲ್ಲಿ ಹಳ್ಳ ದಾಟಿದ್ದರೆ ಇಲಿ ಜ್ವರವೂ ಇರಬಹುದು. ಮಾತ್ರೆ ನುಂಗಿ ಮನೆಯಲ್ಲಿ ಮಲಗಬೇಡಿ. ಬೆಂಗಳೂರಿನ ಡಾಕ್ಟರಿಗೆ ನೀವು ಹೇಳದೆ ಇದು ಹೊಳೆಯದೇ ಹೋಗಬಹುದು. ಹಾಗಾಗಿ ಆಸ್ಪತ್ರೆಗೆ ಹೋದ ಕೂಡಲೇ, ಅವರು ಕೇಳುವ ಮೊದಲೇ, ಯಾವ ತಾರೀಕಿಗೆ ಕುದುರೆಮುಖದ ಕಾಡಿಗೆ ಹೋಗಿದ್ದಿರಿ, ಉಣುಗು ಕಚ್ಚಿತ್ತಾ, ಹಳ್ಳಕ್ಕೆ ಇಳಿದಿದ್ದಿರಾ ಅನ್ನುವುದನ್ನು ಹೇಳಿ.